ಅಂಗೈಯಷ್ಟು ಪಾಚಿ

ಗುಳ್ಳೆ, ಮೂಲೆಯ ಪಾಚಿಯಿಂದ ಬಿಡಿಸಿಕೊಂಡು ಮೇಲೇರಿತು, ಒಡೆಯಿತು — ಒಳಗಿದ್ದದ್ದು ಬರೀ ಗಾಳಿಯಲ್ಲ, ಬಿಸಿಲುಂಡು ಪಾಚಿ ಹೆತ್ತ ಪ್ರಾಣವಾಯು, ಘೋಣಸಗಿಯ ಅವ್ವನ ಮನೆಯ ಹಿತ್ತಲಲ್ಲಿ ಚಂದ್ರಕಲಾ ಎಮ್ಮೆಗಳು ನೀರು ಕುಡಿಯುವ ಕಲ್ಲಿನ ದೋಣಿಯ ಮೇಲೆ ಬಾಗಿದ್ದಾಳೆ, ಕೈಯಲ್ಲಿ ತೆಂಗಿನ ನಾರು, ಕಟ್ಟೆಯ ಮೇಲೆ ಮೊಬೈಲು, ಅದರೊಳಗೆ ಅವಳ ಕಡಲ ವರದಿ, ಮಧ್ಯಾಹ್ನದೊಳಗೆ ಕಳಿಸಬೇಕು, ಒಂದೇ ಸಾಲು ಮೇಡಂ, ಅದೊಂದು ತೆಗೆದುಬಿಡಿ, ಮುಂದಿನ ಸಂಶೋಧನಾ ಹಡಗು ನಿಮ್ಮದೇ, ಸಂಸ್ಥೆಯ ನಿರ್ದೇಶಕರು ಬೆಳಿಗ್ಗೆಯಿಂದ ಮೂರು ಸಲ — ಆ ಸಾಲಿನಲ್ಲಿರುವುದಾದರೂ ಏನು, ವಿದ್ಯುತ್ ಸ್ಥಾವರದ ಬಿಸಿನೀರು ಬೀಳುವ ಕಡೆ ಕಡಲಿನ ಹಸಿರು ಸತ್ತಿದೆ, ಅಷ್ಟೇ, ನೀರಲ್ಲಿ ತೇಲುವ, ಕಣ್ಣಿಗೇ ಕಾಣದ ಪಾಚಿಯ ಹಸಿರು, ಆದರೂ ಕನಮಡಿಯ ಕುರಿಗೂ ವಿಜಯಪುರದ ಸಾವುಕಾರನಿಗೂ ಎರಡು ಉಸಿರಿನಲ್ಲಿ ಒಂದು ಅದರದೇ, ಜಾತಿ ಕೇಳದೆ ಕೊಡುತ್ತದೆ, ಕೇಳಿದ್ದು ಕಾಲೇಜಿನ ಪ್ರಯೋಗಶಾಲೆ, ಎಮ್ಮಿ ಕಾಯೋರ ಹುಡುಗಿ, ಕೈ ತೊಳಕೊಂಡ ಬಾ, ಸಗಣಿ ನಾರತೈತಿ, ತೊಳೆದ ಅದೇ ಕೈಯಿಂದ ಇದೇ ದೋಣಿಯ ಒಂದು ಹನಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟಿದ್ದಳು, ಅಬ್ಬಾ, ಪಾಚಿಯಲ್ಲ, ಗಾಜಿನ ಪುಟ್ಟ ಪೆಟ್ಟಿಗೆಗಳು, ಒಳಗೆ ಹೊನ್ನು, ಗೆರೆಗೆರೆ ಕೆತ್ತನೆ, ಸೂಜಿಮೊನೆಯ ಮೇಲೆ ಗುಮ್ಮಟಗಳ ಊರು, ಉಸಿರು ಬಿಡಲೂ ಅಂಜಿದ್ದಳು, ಇಪ್ಪತ್ತಾರು ವರ್ಷ ಹಡಗು ಹತ್ತಿಳಿದರೂ ಆ ಅಂಜಿಕೆ ಹೋಗಿಲ್ಲ.

ನೋಡ ಇಮಾಮಬಿ, ಪಾಚಿ ತಿಕ್ಕಾಕ ಬ್ಯಾಸತ್ತು ಸಾಲಿಗೆ ಓಡಿದಾಕಿ, ಈಗ ಅದ ಪಾಚಿ ನೋಡಿ ಪಗಾರ ತಗೋತಾಳ, ಅವ್ವ ಮಲಕವ್ವ ಬೇಲಿಯಾಚೆಯ ಗೆಳತಿಗೆ ಹೇಳಿ ನಗುತ್ತಾಳೆ, ನಾ ಜಲಮೆಲ್ಲಾ ಪುಕಟ ತಿಕ್ಕೇನಿ — ಅಮಾವಾಸ್ಯೆಗೊಮ್ಮೆ ದೋಣಿ ತಿಕ್ಕಬೇಕು, ಆದರ ಎಲ್ಲಾ ತಿಕ್ಕಬ್ಯಾಡ ಬೇ, ಮೂಲ್ಯಾಗ ಅಂಗೈಯಷ್ಟ ಬಿಡು, ಬೀಜಕ್ಕ, ಅಂದು ಅವ್ವ ಹೇಳಿದ್ದಳು, ಹತ್ತು ವರ್ಷದ ಚಂದ್ರಕಲಾ ಹಠಕ್ಕೆ ಬಿದ್ದು ಕಲ್ಲು ಬೆಳ್ಳಗಾಗುವ ತನಕ ತಿಕ್ಕಿದಳು, ಮೂರನೆಯ ದಿನ ನೀರು ನಾರಿತು, ಎಮ್ಮೆ ಮೂಸಿ ಮುಖ ತಿರುವಿತು, ಅವ್ವ ಬೈಯಲಿಲ್ಲ, ಇಮಾಮಬಿಯ ದೋಣಿಯಿಂದ ಒಂದು ಹಿಡಿ ಪಾಚಿ ಸೆರಗಿನಲ್ಲಿ ತಂದು ಮೂಲೆಗೆ ಹಚ್ಚಿದಳು, ಕೂಸಿಗೆ ಎಣ್ಣೆ ಹಚ್ಚಿದ ಹಾಗೆ — ಅಲ್ಲಾ, ಕಡಲನ್ನೇ ತಿಕ್ಕಿ ಬೆಳ್ಳಗೆ ಮಾಡಿದರೆ ಯಾರ ದೋಣಿಯಿಂದ ತರುವುದು, ಯಾರ ಸೆರಗಿನಲ್ಲಿ, ಮೊಬೈಲು ಮತ್ತೆ ಗುಂಯ್‌ಗುಡುತ್ತದೆ, ಮೇಡಂ ತೆಗೆದಿರಾ, ಇಲ್ಲ, ತೆಗೆದಿಲ್ಲ, ಸಾಲು ಇದ್ದಲ್ಲೇ ಇದೆ, ಒದ್ದೆ ಹೆಬ್ಬೆರಳು ಒತ್ತಿತು, ವರದಿ ಹೋಯಿತು, ಹಡಗೂ ಹೋಯಿತು, ಹೋಗಲಿ, ನಾರು ಮೂಲೆಯ ತನಕ ಬಂದು ನಿಂತಿದೆ, ಬಿಸಿಲು ಬಿದ್ದಿದೆ, ಅಂಗೈಯಷ್ಟು ಹಸಿರು, ಅದರ ಅಂಚಿನಲ್ಲಿ ಸಾಸಿವೆಯಷ್ಟು, ಇನ್ನೂ ಬಿಡಿಸಿಕೊಳ್ಳದ, ನಡುಗುವ, ಗುಳ್ಳೆ —