ಮೈಲಿ ಎಣಿಸುವ ಮೀಟರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈಗಲೂ ಹಾಗೇ. ಸಾವಿರದ ಒಂಬೈನೂರ ಎಪ್ಪತ್ತೆರಡರಲ್ಲಿ, ಹದಿನಾಲ್ಕು ವರ್ಷದವಳಾಗಿದ್ದಾಗ, ಇನ್ನೂ ಒಂದು ಕೈ ಹೆಚ್ಚೇ ಇತ್ತು. ಆ ವರ್ಷ ನನಗೆ ಸಿಟ್ಟು ಬರಿಸಿದ್ದು ಮನುಷ್ಯರಲ್ಲ, ಒಂದು ಪಟ್ಟಿ. ಹೊಸದುರ್ಗದ ಹೈಸ್ಕೂಲಿನ ಆಫೀಸಿನಲ್ಲಿ ಹಾಸ್ಟೆಲ್ ಅರ್ಜಿ ನೋಡುತ್ತಿದ್ದ ಗುಮಾಸ್ತ ಮುರುಗೇಶಪ್ಪನವರ ಮೇಜಿನ ಮೇಲೆ ಅದು ಇರುತ್ತಿತ್ತು. ಯಾವ ಊರು ಹೈಸ್ಕೂಲಿನಿಂದ ಎಷ್ಟು ದೂರ ಎಂದು ಅದರಲ್ಲಿ ಬರೆದಿತ್ತು. ಐದು ಮೈಲಿಗಿಂತ ಹೆಚ್ಚು ದೂರದ ಹುಡುಗಿಯರಿಗೆ ಮಾತ್ರ ಹಾಸ್ಟೆಲು. ನಮ್ಮ ಗೌಜಗಲ್ಲು ಹಟ್ಟಿಯ ಮುಂದೆ ನಾಲ್ಕು ಎಂದು ಬರೆದಿದ್ದರು.

ಎಂಟನೇ ಕ್ಲಾಸು ಪೂರ್ತಿ ನಾನು ನಡೆದೇ ಓದಿದ್ದೆ. ಕಲ್ಲುದಿಬ್ಬ ಹತ್ತಿ ಇಳಿದು, ಹಳ್ಳದ ಮರಳು ದಾಟಿ, ಆಮೇಲೆ ರಸ್ತೆ. ಆ ವರ್ಷ ಹಳ್ಳ ಬಂದು ಎರಡು ದಿನ ಆಚೆ ದಡದ ತೋಟದವರ ಮನೆಯಲ್ಲಿ ಉಳಿಯಬೇಕಾಯಿತು. ಅವ್ವ ಮಲ್ಲಕ್ಕ ಅಂದೇ ತೀರ್ಮಾನ ಮಾಡಿಬಿಟ್ಟಳು.

“ಹಾಸ್ಟೆಲ್ ಸಿಕ್ರೆ ಒಂಬತ್ತು ಓದು. ಇಲ್ದಿದ್ರೆ ಕುರಿ ಹಿಂದೆ ನಡಿ. ನಿನ್ನ ಕಾಯ್ಕಂಡು ಹಳ್ಳದ ದಂಡೆ ಮ್ಯಾಲೆ ಕುಂದ್ರಕೆ ನನ್ ಕೈಲಾಗಲ್ಲ.”

ಅವ್ವನ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಆ ನಾಲ್ಕರಲ್ಲಿ. ದಿನಾ ಹೋಗಿ ಬರುವ ನನ್ನ ಕಾಲಿಗೆ ಅದು ಗೊತ್ತಿತ್ತು. ಆದರೆ ಮುರುಗೇಶಪ್ಪನವರು ಕಾಲಿನ ಮಾತು ಕೇಳುವವರಲ್ಲ. “ಅಳತೆ ತಗೊಂಬಾಮ್ಮ, ಪಟ್ಟಿ ತಿದ್ತೀನಿ,” ಎಂದರು. ತಮಾಷೆಗೆ ಅಂದಿದ್ದರು. ನಾನು ಅದನ್ನು ಗಂಟು ಹಾಕಿಕೊಂಡೆ.

ಮೈಲಿ ಎಣಿಸುವ ಮೀಟರನ್ನು ನಾನು ಒಮ್ಮೆ ಕಣ್ಣಾರೆ ಕಂಡಿದ್ದೆ. ಚಿತ್ರದುರ್ಗದ ಸೈಕಲ್ ರೇಸಿನ ಹುಡುಗರು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಮತ್ತೆ ದುರ್ಗ ಸೇರುವ ಪಂದ್ಯ ಕಟ್ಟಿದ್ದರು. ಅವರಲ್ಲಿ ಒಬ್ಬ ನಮ್ಮ ಸ್ಕೂಲಿನ ನಲ್ಲಿಯಲ್ಲಿ ನೀರು ಕುಡಿಯಲು ನಿಂತ. ಅವನ ಸೈಕಲ್ಲಿನ ಮುಂದಿನ ಚಕ್ರದ ನಡುವೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಡಬ್ಬಿ, ಅದರೊಳಗೆ ಅಂಕಿಗಳು. “ಇದು ಸುಳ್ಳು ಹೇಳಲ್ಲ,” ಎಂದಿದ್ದ ಅವನು.

ಅಪ್ಪ ಕಾಟಯ್ಯ ಕುರಿ ಮೇಯಿಸುವವನು. ನಾನು ಕೇಳಿದ್ದಕ್ಕೆ ಇಲ್ಲ ಎನ್ನಲು ಅವನಿಗೆ ಬರುತ್ತಿರಲಿಲ್ಲ. ಹಾಗಂತ ಹೂಂ ಎನ್ನಲೂ ಎರಡು ದಿನ ಬೇಕಾಯಿತು. ಮೂರನೇ ದಿನ ನಮ್ಮ ಕುರಿಯ ಉಣ್ಣೆಯ ಹೊಸ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು, “ನಡಿ, ದುರ್ಗಕ್ಕೆ ಹೋಗಾಣ. ಕಂಬಳಿ ಕೊಟ್ಟು ಮೀಟರ್ ತರಾಣ,” ಎಂದ. ಹಟ್ಟಿಗೆಲ್ಲ ಇದ್ದದ್ದು ಒಂದೇ ಸೈಕಲ್ಲು, ಪೇಟೆಗೆ ಹಾಲು ಹಾಕುವ ಅಂಜನಪ್ಪಣ್ಣನದು. ಬಸ್ಸಿನಲ್ಲಿ ಅದನ್ನು ಒಯ್ಯುವಂತಿರಲಿಲ್ಲ. ಅದಕ್ಕೇ ನಾನು ಅದರ ಮುಂದಿನ ಚಕ್ರಕ್ಕೆ ಒಂದು ಸುತ್ತು ಹಗ್ಗ ಸುತ್ತಿ, ಅಳತೆಗೆ ಕತ್ತರಿಸಿ, ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ.

ದುರ್ಗದ ಬಸ್‌ಸ್ಟ್ಯಾಂಡಿನ ಹಿಂದೆ ಜಂಬಣ್ಣನ ಸೈಕಲ್ ಅಂಗಡಿ. ರೇಸಿನ ಹುಡುಗರಿಗೆ ಸಾಮಾನು ತರಿಸಿಕೊಡುತ್ತಿದ್ದವನು ಅವನೇ. ಕಂಬಳಿ ಬಿಚ್ಚಿ ನೋಡಿ, ಮೂಸಿ, ಒಪ್ಪಿಕೊಂಡು ಮೊದಲು ಒಂದು ದೊಡ್ಡ ಗಡಿಯಾರದಂಥದ್ದನ್ನು ಮುಂದಿಟ್ಟ.

“ಇದು ಹ್ಯಾಂಡಲ್ ಮ್ಯಾಲೆ ಕುಂದ್ರತೈತೆ. ನೀವು ತುಳಿದಂಗೆ ಮುಳ್ಳು ಏರ್ತೈತೆ, ಥೇಟ್ ಕಾರಿನಂಗೆ.”

ಅಲ್ಲಿದ್ದ ಸೈಕಲ್ಲಿನ ಚಕ್ರ ತಿರುಗಿಸಿ ತೋರಿಸಿದ. ಮುಳ್ಳು ಮೇಲೆದ್ದದ್ದು ನೋಡಿ ಅಪ್ಪನ ಕಣ್ಣು ಅರಳಿತು. ಕುರಿ ಸಂತೆಯಲ್ಲಿ ಒಳ್ಳೆ ಟಗರು ಕಂಡಾಗ ಅರಳುವ ಹಾಗೆ. ಚಕ್ರ ನಿಂತಿತು. ಮುಳ್ಳು ಸೊನ್ನೆಗೆ ಬಿತ್ತು.

“ಎಷ್ಟು ದೂರ ಬಂತು ಅಂತ ಈಗ ಹೇಳ್ತೈತಾ ಅಣ್ಣ?” ಎಂದು ಕೇಳಿದೆ.

“ಇಲ್ಲ. ಇದು ಬರೀ ಸ್ಪೀಡಿಗೆ.”

“ನಿಂತ ಕೂಡ್ಲೆ ಮರೆಯೋದು ನಮಗೆ ಯಾಕೆ? ಇಟ್ಬಿಡಿ.”

ಅಪ್ಪ ಅದನ್ನು ಒಮ್ಮೆ ಸವರಿ ಹಿಂದಕ್ಕೆ ತಳ್ಳಿದ. ಜಂಬಣ್ಣ ಆಮೇಲೆ ತೆಗೆದದ್ದು ನಾನು ಕಂಡಿದ್ದಂಥ ಪುಟ್ಟ ಡಬ್ಬಿ. ಚಕ್ರದ ಕಡ್ಡಿಗೆ ಒಂದು ಮೊಳೆ ಕಟ್ಟಬೇಕು. ಒಂದು ಸುತ್ತು ಬಂದಾಗಲೆಲ್ಲ ಮೊಳೆ ಡಬ್ಬಿಯ ಹಲ್ಲಿಗೆ ತಗಲಿ ಟಕ್ ಎನ್ನುತ್ತದೆ, ಒಳಗೆ ಅಂಕಿ ಸರಿಯುತ್ತದೆ. ಕೊನೆಯ ಕೆಂಪು ಅಂಕಿ ಮೈಲಿಯ ಹತ್ತರಲ್ಲಿ ಒಂದು ಪಾಲು. ಅದರಲ್ಲೂ ಎರಡು ಬಗೆ ಇದ್ದವು, ಚಕ್ರ ಸಣ್ಣದಾದರೆ ಒಂದು, ದೊಡ್ಡದಾದರೆ ಇನ್ನೊಂದು. ಯಾವುದು ಬೇಕು ಎಂದ. ನಾನು ಹಗ್ಗ ಕೊಟ್ಟೆ. ಅದನ್ನು ಟೇಪಿಗೆ ಹಿಡಿದು ನೋಡಿ, “ಇಪ್ಪತ್ತೆಂಟು ಇಂಚಿನ ಚಕ್ರ,” ಎಂದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಯಾತಕ್ಕೆ ಇದೆಲ್ಲ ಎಂದು ವಿಚಾರಿಸಿದ. ಹೇಳಿದೆ.

“ಅಷ್ಟೇನಾ? ಕಡ್ಡಿಗೆ ಎದುರು ಬದುರು ಎರಡು ಮೊಳೆ ಕಟ್ಕೊಡ್ತೀನಿ. ಒಂದು ಸುತ್ತಿಗೆ ಎರಡು ಎಣಿಸ್ತೈತೆ. ನಾಲ್ಕಿದ್ದದ್ದು ಎಂಟಾಗ್ತೈತೆ.”

ಅಪ್ಪ ನನ್ನ ಮುಖ ನೋಡಿದ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಾನು ಅಷ್ಟು ದಿನ ಸಿಟ್ಟಾಗಿದ್ದದ್ದೇ ಒಂದು ಸುಳ್ಳು ಅಂಕಿಯ ಮೇಲೆ.

“ಒಂದೇ ಮೊಳೆ ಸಾಕು ಬಿಡಣ್ಣ. ನಮ್ಮ ದಾರಿ ಉದ್ದ ಐತೆ, ಅದಕ್ಕೆ ಸುಳ್ಳು ಬೇಕಾಗಿಲ್ಲ,” ಎಂದೆ.

ಮೀಟರು ತಂದು ಕಟ್ಟಿ, ರಸ್ತೆಯಲ್ಲಿ ಕಿಲೋಮೀಟರ್ ಕಲ್ಲು ನೆಟ್ಟ ಮೇಲೂ ಕೀಳದೆ ಬಿಟ್ಟಿದ್ದ ಎರಡು ಹಳೇ ಮೈಲಿಗಲ್ಲುಗಳ ನಡುವೆ ಓಡಿಸಿ ನೋಡಿದೆವು. ಸರಿಯಾಗಿ ಒಂದು ಮೈಲಿ ತೋರಿಸಿತು. ಮಾರನೇ ದಿನವೇ ಹಟ್ಟಿಯ ಬೇಲಿಬಾಗಿಲಲ್ಲಿದ್ದ ಅಂಕಿ ಬರೆದುಕೊಂಡು ಹೊರಟೆವು. ಅಪ್ಪ ಸೈಕಲ್ ಮೇಲೆ, ನಾನು ಹಿಂದೆ. ಹೊಸದುರ್ಗದ ಆಫೀಸಿನ ಮುಂದೆ ಮುರುಗೇಶಪ್ಪನವರನ್ನೇ ಕರೆದು ತೋರಿಸಿ, ಹೊರಟಾಗಿನ ಅಂಕಿ ಕಳೆದೆ. ನಾಲ್ಕು ಮೈಲಿ, ಮೇಲೆ ಹತ್ತರಲ್ಲಿ ಆರು ಪಾಲು.

ಮುರುಗೇಶಪ್ಪನವರು ನಗಲಿಲ್ಲ, ಅದೇ ಪುಣ್ಯ. “ಐದಿಲ್ಲ ಅಂತ ನಿನ್ನ ಮೀಟರೇ ಹೇಳ್ತೈತಲ್ಲಮ್ಮ,” ಎಂದು ಒಳಗೆ ಹೋದರು.

ಒಂದು ಮೊಳೆ ಸಾಕು ಎಂದ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು. ಅಪ್ಪನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದೆ. ಮನೆಗೆ ಬಂದಾಗ ಅವ್ವ ಅಪ್ಪನ ಅಂಗಿ ನೋಡಿದಳು. ಬಲ ಹೆಗಲ ಮೇಲೆ ಅಂಗೈ ಅಗಲದ ಕಪ್ಪು ಕಲೆ, ಚೈನಿನ ಎಣ್ಣೆ.

“ಇದ್ದದ್ದು ಒಂದು ಅಂಗಿ. ಸೈಕಲ್ ನಿನ್ನ ಹೊತ್ಕಂಡು ಹೋಯ್ತೋ, ನೀನು ಸೈಕಲ್ ಹೊತ್ಕಂಡು ಹೋದ್ಯೋ?”

“ದಿಬ್ಬದಾಗೆ ಜಾಲಿಮುಳ್ಳು, ಹಳ್ಳದಾಗೆ ಮರಳು. ಇನ್ನೊಬ್ರ ಸೈಕಲ್ಲು ಕಣೆ. ಹೊತ್ಕಂಡೇ ಹೋದೆ,” ಎಂದ ಅಪ್ಪ.

ನಾನು ಎದ್ದು ನಿಂತೆ. ದಿಬ್ಬ ಬಂದಾಗ ಅಪ್ಪ ಸೈಕಲ್ಲನ್ನು ಕುಂಟುಮರಿ ಹೊತ್ತಂತೆ ಹೆಗಲಿಗೇರಿಸಿದ್ದು, ಹಳ್ಳದಲ್ಲೂ ಹಾಗೇ ಮಾಡಿದ್ದು ನಾನು ಕಣ್ಣಾರೆ ಕಂಡಿದ್ದೆ. ನಡೆಯಲಾರದ್ದನ್ನು ಹೊರುವುದು ಕುರಿಯವರ ಮನೆಯಲ್ಲಿ ದಿನದ ಕೆಲಸ, ಹಾಗಾಗಿ ನನಗೆ ಅದು ವಿಚಿತ್ರ ಎನಿಸಿರಲೇ ಇಲ್ಲ. ಹೆಗಲ ಮೇಲಿದ್ದ ಸೈಕಲ್ಲಿನ ಚಕ್ರ ತಿರುಗಲಿಲ್ಲ. ತಿರುಗದ ಚಕ್ರವನ್ನು ಮೀಟರು ಎಣಿಸಲಿಲ್ಲ. ದಾರಿಯ ಕಷ್ಟದ ಭಾಗವೆಲ್ಲ ಲೆಕ್ಕಕ್ಕೇ ಸಿಗದೆ ಹೋಗಿತ್ತು.

ಮರುದಿನ ಓಡುತ್ತಲೇ ಆಫೀಸಿಗೆ ಹೋಗಿ, ಹೊತ್ತು ನಡೆದದ್ದು ಲೆಕ್ಕಕ್ಕೆ ಬಂದಿಲ್ಲ, ದಾರಿ ಐದರ ಮೇಲಿದೆ ಎಂದೆ. ಮುರುಗೇಶಪ್ಪನವರು ಕನ್ನಡಕ ಮೇಲೆತ್ತಿದರು.

“ನಿನ್ನೆ ನಾಲ್ಕೂವರೆ ಅಂದೆ. ಇವತ್ತು ಐದು ಅಂತೀಯ. ನಾಳೆ ಆರು ಅಂದ್ರೆ ನಾನೇನ್ ಮಾಡ್ಲಿ? ಚಕ್ರ ಹಿಂದೆ ಮುಂದೆ ಆಡಿಸಿ ತರಲ್ಲ ಅಂತ ಏನು ಗ್ಯಾರಂಟಿ?”

“ನೀವೇ ಬರ್ರಿ ಸಾರ್. ನೀವೇ ಸೈಕಲ್ ಹಿಡೀರಿ. ನಾನು ಮುಟ್ಟೋದೂ ಇಲ್ಲ.”

ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಪಟ್ಟಿಯಲ್ಲಿ ನಮ್ಮ ಹಟ್ಟಿಯ ಹೆಸರಿನ ಮೇಲೆ ಬೆರಳಿಟ್ಟು, ಭಾನುವಾರ ಬರುತ್ತೇನೆ ಎಂದರು. ಭಾನುವಾರ ಬೆಳಿಗ್ಗೆ ಬಂದೇ ಬಂದರು. ಯಾವುದೋ ಲಾರಿ ಹತ್ತಿ, ಅಂಜನಪ್ಪಣ್ಣ ಹಾಲು ಒಯ್ಯುವ ಸುತ್ತು ದಾರಿಯಲ್ಲಿ. ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಅಂಕಿ ಬರೆದುಕೊಂಡು, ಸೈಕಲ್ ಹಿಡಿದರು.

ದಿಬ್ಬದಲ್ಲಿ ಅವರ ಚಪ್ಪಲಿ ಎರಡು ಸಲ ಕಳಚಿತು. ಮುಳ್ಳು ಕಂಡಲ್ಲೆಲ್ಲ ಅಪ್ಪ ಮುಂದೆ ಹೋಗಿ ಕೈಯಿಂದ ಸರಿಸಿದ. ಸೈಕಲ್ ಎತ್ತಲು ಮಾತ್ರ ನಾನು ಬಿಡಲಿಲ್ಲ. ಹಳ್ಳದ ಮರಳಿನಲ್ಲಿ ಚಕ್ರ ತಿರುಗದೆ ಜಾರುತ್ತಿತ್ತು. “ಹ್ಯಾಂಡಲ್ ಮ್ಯಾಲೆ ಭಾರ ಹಾಕ್ರಿ ಸಾರ್, ತಿರುಗ್ಬೇಕು ಅದು,” ಎಂದೆ. ಟಕ್. ನಾಲ್ಕು ಹೆಜ್ಜೆ. ಮತ್ತೆ ಟಕ್. ಹಳ್ಳದ ನಡುವೆ ಅವರು ನಿಂತರು. ಅಂಗಿ ಬೆನ್ನಿಗೆ ಅಂಟಿತ್ತು.

“ಸಾಕಮ್ಮ. ಐದು ಮೈಲಿಗೆ ಮ್ಯಾಲೆ ಅಂತ ಇಲ್ಲೇ ಬರೆದು ಸೈನ್ ಹಾಕ್ತೀನಿ. ನನಗೆ ಅರ್ಥ ಆತು.”

ಅಪ್ಪ ಕೈ ಮುಗಿಯಲು ಹೋದ. ನಾನು ಅಡ್ಡ ಬಂದೆ.

“ಬ್ಯಾಡ ಸಾರ್. ನೀವು ಕನಿಕರ ಪಟ್ಟು ಬರೆದದ್ದನ್ನ ನಾಳೆ ಇನ್ನೊಬ್ರು ಬಂದು ಹೊಡೆದು ಹಾಕ್ತಾರೆ. ಇನ್ನೂ ಅರ್ಧ ದಾರಿ ಐತೆ. ನಡೀರಿ.”

ಅಪ್ಪ ಗಾಬರಿಯಿಂದ ನನ್ನನ್ನು ನೋಡಿದ. ಮುರುಗೇಶಪ್ಪನವರು ಮತ್ತೆ ಹ್ಯಾಂಡಲ್ ಮೇಲೆ ಭಾರ ಹಾಕಿದರು. ರಸ್ತೆ ಸಿಕ್ಕ ಮೇಲೆ ಸೈಕಲ್ ಹತ್ತಿದರು, ನಾವು ಹಿಂದೆ ಓಡಿದೆವು. ಹೈಸ್ಕೂಲಿನ ಗೇಟಿನಲ್ಲಿ ಅವರು ಸೈಕಲ್ ನಿಲ್ಲಿಸಿಕೊಂಡು ಕಾದಿದ್ದರು. “ನೀನೇ ಓದು,” ಎಂದರು. ಬಗ್ಗಿ ಓದಿದೆ, ಕಳೆದೆ. ಐದು ಮೈಲಿ, ಮೇಲೆ ಹತ್ತರಲ್ಲಿ ಮೂರು ಪಾಲು.

ಅವರು ಆಫೀಸಿನ ಬೀಗ ತೆಗೆದು, ಪಟ್ಟಿ ತಂದು, ನಾಲ್ಕರ ಮೇಲೆ ಗೀಟು ಎಳೆದು ನನ್ನೆದುರೇ ಹೊಸ ಅಂಕಿ ಬರೆದರು. ಕೆಳಗೆ ತಾರೀಕು, ಸಹಿ. “ನಾಳೆ ಸೋಮವಾರ ಹಾಸಿಗೆ ತಗೊಂಡು ಬಂದ್ಬಿಡು,” ಎಂದರು. ನನಗೆ ಕುಣಿಯಬೇಕು ಅನ್ನಿಸುವಷ್ಟು ಖುಷಿಯಾಗಿತ್ತು.

ಹೊರಗೆ ಬಂದಾಗ ಅಪ್ಪ ಗೇಟಿನ ಕಟ್ಟೆಯ ಮೇಲೆ ಕುಳಿತು ಬಂದ ದಾರಿಯ ಕಡೆಗೇ ನೋಡುತ್ತಿದ್ದ. ಹಬ್ಬಕ್ಕೋ ರಜೆಗೋ ಬಿಟ್ಟರೆ ನಾನು ಇನ್ನು ಹಟ್ಟಿಗೆ ಬರುವವಳಲ್ಲ. ಅದು ಅವನಿಗೆ ಆಗ ತಟ್ಟಿರಬೇಕು.

“ನಾಲ್ಕೇ ಮೈಲಿ ಅಂತ ಇದ್ದದ್ದನ್ನ,” ಎಂದ ಅಪ್ಪ, “ಇಷ್ಟು ದೂರ ಅಂತ ನಾವೇ ಬರೆಸ್ಬಿಟ್ವಲ್ಲ ಕೂಸೆ.”

ಅವನ ಪಕ್ಕ ಹೋಗಿ ಕುಳಿತೆ. ಅದೇ ದಾರಿ ನೋಡುತ್ತ ಹೇಳಿದೆ.

“ಹೂಂ ಅಪ್ಪಾ. ಇರೋದೇ ಅಷ್ಟು.”