ಹೊಕ್ಕುಳ ಮುಚ್ಚಿದ ಕೆಂಪು ಸೀರೆ

ದಾವಣಗೆರೆಯ ಆಸ್ಪತ್ರೆಯಲ್ಲಿ ನನ್ನ ಮೊಮ್ಮಗಳು ರೂಪಶ್ರೀಗೆ ದಿನ ತುಂಬುವ ಮೊದಲೇ ಮಗು ಹುಟ್ಟಿತು. ಔಷಧಿಗೆಂದು ಹೊಕ್ಕುಳ ರಕ್ತನಾಳದೊಳಗೆ ಸಣ್ಣ ನಳಿಕೆ ಇಳಿಸಿ, ಅದು ಸದಾ ಕಣ್ಣಿಗೆ ಬೀಳಲೆಂದು ಮಗುವನ್ನು ಬಿಸಿ ದೀಪದಡಿ ಬರಿಮೈಯಲ್ಲಿ ಮಲಗಿಸಿದ್ದರು.

ಹರಿಹರದಿಂದ ಬಂದ ಬೀಗಿತ್ತಿ, ರೂಪಶ್ರೀಯ ಅತ್ತೆ ಅನ್ನಪೂರ್ಣಮ್ಮನವರಿಗೆ ಡಾಕ್ಟರ ಬಡತನ ಕಂಡು ಮರುಕವಾಯಿತು.

"ಒಂದು ತುಂಡು ಬಟ್ಟೆಗೂ ಗತಿ ಇಲ್ಲೇನ್ರಿ ಈ ಆಸ್ಪತ್ರೆಗೆ?"

ನರ್ಸ್ ಅತ್ತ ತಿರುಗಿದ್ದೇ ತಡ, ಶಾಸ್ತ್ರಕ್ಕೆಂದು ತಂದಿದ್ದ ತಮ್ಮ ಹಳೆಯ ಕೆಂಪು ಸೀರೆಯ ತುಂಡನ್ನು ಮಗುವಿಗೆ ಬಿಗಿಯಾಗಿ ಸುತ್ತಿದರು. ನಳಿಕೆ ಜಾರಿ ರಕ್ತ ಹರಿಯಿತು. ಕೆಂಪಿನಲ್ಲಿ ಕೆಂಪು ಯಾರಿಗೆ ಕಾಣಬೇಕು? ಮಗುವಿನ ಮುಖ ಬಿಳುಚಿದ್ದು ಕಂಡು ನರ್ಸ್ ಬಟ್ಟೆ ಕಿತ್ತೆಸೆದು ಹೊಕ್ಕುಳನ್ನು ಒತ್ತಿಹಿಡಿದಳು. ಮಗು ಉಳಿಯಿತು.

ಈಗ ಬೀಗಿತ್ತಿ ವಾರ್ಡಿನ ಬಾಗಿಲಲ್ಲೇ ಕೂತು ಬಂದವರನ್ನೆಲ್ಲ ಗದರುತ್ತಾರೆ: "ಬಟ್ಟೆ ಗಿಟ್ಟೆ ಹೊದಿಸ್ಬ್ಯಾಡ್ರಿ! ಹೊಕ್ಕುಳ ಕಾಣ್ತಿರ್ಬೇಕು. ನರ್ಸಮ್ಮಂಗೆ ಏನ್ ಗೊತ್ತೈತೆ, ಎಲ್ಲಾ ನಾನೇ ಹೇಳ್ಬೇಕು!"