ತ್ಯಾಗಕ್ಕೆ ಹೋದ ರಿಮೋಟು

ಮೂರು ಎಣಿಸಿ ನಾಲ್ಕಕ್ಕೆ ಬರುವಷ್ಟರಲ್ಲಿ ಚಂದ್ರಮತಿಯ ಮೊಣಕಾಲು ಚಳಕ್ ಎಂದಿತು. ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಹಿಡಿಯಹೋಗಿ ಆ ಒಂದರ ಮೇಲೇ ಬೆರಳು ಒತ್ತಿ ಹಿಡಿದದ್ದರಿಂದ ಟಿವಿ ಆರಿಹೋಯಿತು.

"ಚಂದ್ರಾ," ಎಂದು ಹಿಂದೆ ಮಂಚದ ಮೇಲಿಂದ ಅತ್ತೆ ಕೂಗಿದಳು.

"ಹಚ್ಚಾಕತ್ತೀನ್ರಿ ಆಯಿ. ಜರಾ ತಡೀರಿ."

ಟಿವಿ ತಗಡಿನ ಟ್ರಂಕಿನ ಮೇಲೆ ಕೂತಿತ್ತು. ಅದರ ಕೆಳತುದಿಯ ನಟ್ಟನಡುವೆ, ಕಣ್ಣಿಗೆ ಕಾಣದ ಜಾಗದಲ್ಲಿ ತೊಗರಿಕಾಳಿನಷ್ಟು ಒಂದು ಗುಂಡಿ. ಇಡೀ ಟಿವಿಗೆ ಅದೊಂದೇ. ಒಮ್ಮೆ ಒತ್ತಿದರೆ ಹತ್ತುತ್ತದೆ. ಆಮೇಲೆ ಒತ್ತಿದರೆ ಪರದೆಯ ಮೂಲೆಯಲ್ಲಿ ಒಂದು ಪಟ್ಟಿ ಬರುತ್ತದೆ. ಬಂದ್ ಮಾಡುವುದು ಮೊದಲು, ಚಾನೆಲ್ಲು ಮುಂದೆ, ಚಾನೆಲ್ಲು ಹಿಂದೆ, ಆವಾಜು ಹೆಚ್ಚು, ಕಡೆಗೆ ಆವಾಜು ಕಡಿಮೆ. ಒತ್ತುತ್ತ ಹೋಗಬೇಕು, ಬೇಕಾದ್ದು ಬಂದಾಗ ಒತ್ತಿ ಹಿಡಿಯಬೇಕು. ಮೊದಲನೆಯದರ ಮೇಲೇ ಹಿಡಿದರೆ ಮುಗಿಯಿತು, ಮತ್ತೆ ಮೊದಲಿನಿಂದ. ಮೊಣಕಾಲೂರಿ, ಕೈ ಕೆಳಗೆ ತೂರಿಸಿ, ಕತ್ತು ಮೇಲಕ್ಕೆ ತಿರುಗಿಸಿ ಚಂದ್ರಮತಿ ಈ ಕಸರತ್ತನ್ನು ಮಾಡುತ್ತಿರುವುದು ಇವತ್ತಿಗೆ ಎಂಟು ದಿನ. ಅವಳಿಗೆ ಐವತ್ಮೂರು ವಯಸ್ಸು.

ಆಯಿಗೆ ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಎಡಮೈ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಮಾತು, ಚಂದ್ರಾ. ಹೆತ್ತ ಮಗನ ಹೆಸರು ಅಳಿಸಿಹೋಗಿ ಸೊಸೆಯ ಹೆಸರು ಉಳಿಯಿತಲ್ಲ, ಎಂಥ ಪ್ರೀತಿ ಎಂದು ದಿಗ್ಗೇವಾಡಿಯ ಹೆಂಗಸರೆಲ್ಲ ಬೆರಗಾದರು. ಆ ಪ್ರೀತಿಗೆ ಹಗಲು ರಾತ್ರಿ ಸೇರಿ ಎಷ್ಟು ಸಲ ಏಳಬೇಕಾಗುತ್ತದೆಂದು ಕೇಳಿದವರಿಲ್ಲ.

ಆಯಿಯ ಬಲಗೈ ಮಾತ್ರ ಗಟ್ಟಿಯಾಗಿತ್ತು. ಆ ಕೈಯಲ್ಲಿ ಎರಡು ವರ್ಷದಿಂದ ರಿಮೋಟು ಇತ್ತು. ಆಯಿಯ ತವರು ಕೊಲ್ಲಾಪುರದ ಕಡೆ. ಅಪ್ಪ ತಾಲೀಮು ನಡೆಸಿದ ಪೈಲವಾನ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಒಂದು ಮರಾಠಿ ಚಾನೆಲ್ಲಿನಲ್ಲಿ ಕೆಂಪು ಮಣ್ಣಿನ ಕುಸ್ತಿ ಬರುತ್ತಿತ್ತು. ಇರುವೆಯನ್ನೂ ಊದಿ ಆಚೆ ಸರಿಸುವ ಜೈನರ ಮನೆಯ ಮುದುಕಿ, ಒಬ್ಬರನ್ನೊಬ್ಬರು ಎತ್ತಿ ಒಗೆಯುವವರನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಆ ಎರಡು ತಾಸು ಆಯಿ ಯಾರನ್ನೂ ಕರೆಯುತ್ತಿರಲಿಲ್ಲ. ಚಂದ್ರಮತಿ ಜೋಳದ ಚೀಲಕ್ಕೆ ಒರಗಿ ನಿದ್ದೆ ಹೋಗುತ್ತಿದ್ದಳು. ಇಪ್ಪತ್ನಾಲ್ಕು ತಾಸಿನಲ್ಲಿ ಅವಳದು ಅಂತ ಇದ್ದದ್ದು ಅಷ್ಟೇ.

ಅದು ಹೋದದ್ದು ಚಾತುರ್ಮಾಸದ ಪ್ರವಚನದಲ್ಲಿ. ಊರ ಬಸದಿಯಲ್ಲಿ ನಾಲ್ಕು ತಿಂಗಳು ತಂಗಲು ಬಂದ ಮುನಿ ಮಹಾರಾಜರು, ಈ ನಾಲ್ಕು ತಿಂಗಳ ಮಟ್ಟಿಗೆ ಒಬ್ಬೊಬ್ಬರೂ ಏನಾದರೊಂದು ಬಿಡಿ ಎಂದರು. ಮುಂದೆ ಒಂದು ಹಿತ್ತಾಳೆ ತಾಟು ಇಡಿಸಿದರು. ಒಬ್ಬ ಇಸ್ಪೀಟಿನ ಕಟ್ಟು ತಂದಿಟ್ಟ, ಒಬ್ಬ ಗುಟಕಾದ ಪಾಕೀಟು. ಭರಮು ಎಂಬ ಅಂಗಡಿಕಾರ ತಂಬಾಕಿನ ಡಬ್ಬಿ ಇಟ್ಟು ಕಣ್ಣಲ್ಲಿ ನೀರು ತಂದುಕೊಂಡ. ಸರದಿ ಚಂದ್ರಮತಿಯ ಗಂಡ ಜಿನ್ನಪ್ಪನಿಗೆ ಬಂತು. ಹದಿನಾರನೆಯ ವಯಸ್ಸಿನಿಂದ ನಿಪ್ಪಾಣಿ ತಂಬಾಕು ತಿಕ್ಕಿದ ಅಂಗೈ ಅವನದು. ಅಂಗಿಯ ಕಿಸೆಯಲ್ಲಿ ತಂಬಾಕಿನ ಚಂಚಿ ಇತ್ತು. ಅವನು ಕಿಸೆ ಮುಟ್ಟಿಕೊಂಡ, ಸಭೆಯನ್ನು ನೋಡಿದ, "ಒಂದ ಮಿನಿಟ ಬಂದ್ಯಾ" ಎಂದು ಮನೆಯ ಕಡೆ ಓಡಿದ.

ಚಂದ್ರಮತಿ ಹಿತ್ತಲಲ್ಲಿ ಆಯಿಯ ಅರಿವೆ ಒಗೆಯುತ್ತಿದ್ದಳು. ಗಂಡ ಬಂದದ್ದೂ ಹೋದದ್ದೂ ಕಂಡಿತು, ಕೈಯಲ್ಲಿ ಏನಿತ್ತೆಂದು ಕಾಣಲಿಲ್ಲ. ತಾಸಿನ ಮೇಲೆ ಪಕ್ಕದ ಮನೆಯ ಮನಿಷಾ ಗೋಡೆಯ ಮೇಲಿಂದ ಮುಖ ತೋರಿಸಿದಳು.

"ವೈನಿ, ನಿಮ್ಮ ಯಜಮಾನ್ರು ಇವತ್ತ ಬಸದ್ಯಾಗ ಭಾಳ ದೊಡ್ಡ ತ್ಯಾಗ ಮಾಡಿದ್ರ ನೋಡ್ರಿ. ಮಂದೆಲ್ಲಾ ಜಯಕಾರ ಹಾಕಿತು."

"ತಂಬಾಕ ಬಿಟ್ರನ?"

"ತಂಬಾಕೆಲ್ಲಿ ಬಿಡ್ತಾರ್ರಿ! ಟಿವಿ. ರಿಮೋಟ ತಂದ ತಾಟಿನ್ಯಾಗ ಇಟ್ಟು, ನಮ್ಮ ಮನ್ಯಾಗ ನಾಕ ತಿಂಗಳ ಟಿವಿ ಬಂದ್ ಅಂದ್ರು."

ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಚಂದ್ರಮತಿ ಹಿಂಡಿದ ಅರಿವೆಯನ್ನು ಮತ್ತೊಮ್ಮೆ ಹಿಂಡಿದಳು. ಒಳಗೆ ಆಯಿ ಎಚ್ಚರಾಗಿ ಕರೆಯತೊಡಗಿದ್ದಳು.

ಸಂಜೆ ಹೊತ್ತು ಮುಳುಗುವ ಮುಂಚಿನ ಊಟಕ್ಕೆ ಕೂತಾಗ ಅವಳು ಕೇಳಿದಳು. "ಆಯಿ ಕೈಯಾಗಿಂದ ಕಸಗೊಂಡ ಹೋದ್ರ್ಯಾ?"

"ಕಸಗೊಳ್ಳಲಿಲ್ಲ. ಮಲ್ಕೊಂಡಿದ್ಲು, ಮೆಲ್ಲಕ ತಗೊಂಡ್ಯಾ."

"ಟಿವಿ ನೋಡಾವ್ರು ನೀವಲ್ಲ. ನಿಮಗ ಮೊಬೈಲ ಐತಿ. ನಿಮ್ಮ ಚಂಚಿ ಇಡಬೇಕಿತ್ತ ತಾಟಿನ್ಯಾಗ."

"ತಂಬಾಕ ನಂದೊಬ್ಬಂದು," ಎಂದ ಜಿನ್ನಪ್ಪ, ರೊಟ್ಟಿ ಮುರಿಯುತ್ತ. "ಅದನ್ನ ಬಿಟ್ರ ನನಗೊಬ್ಬಗ ಪುಣ್ಯಾ. ಟಿವಿ ಬಿಟ್ರ ಇಡೀ ಮನಿಗೆ ಪುಣ್ಯಾ. ಮನಿ ಹಿರ್ಯಾ ಅಂದಮ್ಯಾಲ ಎಲ್ಲಾರದೂ ವಿಚಾರ ಮಾಡಬೇಕಾಗತೈತಿ."

"ಹೋಗಿ ತರ್ರಿ."

"ತಾಟಿಗಿಟ್ಟದ್ದ ತಿರಗಿ ತರತಾರೇನ? ಮಂದಿ ಮಾರಿ ಮ್ಯಾಲ ಉಗುಳತಾರ."

"ಬ್ಯಾರೇದಾರಾ ತರ್ರಿ. ಸ್ನೇಹಲ ಫೋನಿನ್ಯಾಗ ಹೇಳಿದ್ಲು, ರಾಯಬಾಗದಾಗ ಬೇಕಾದ ಅಂಗಡ್ಯಾಗ ಸಿಗತೈತಂತ."

ಮಗಳ ಹೆಸರು ಕೇಳಿ ಜಿನ್ನಪ್ಪ ಸ್ವಲ್ಪ ತಗ್ಗಿದ. ಎರಡು ತುತ್ತು ತಿಂದು ದಾರಿ ಹುಡುಕಿದ. "ಹಂಗ ಮಾಡಿದ್ರ ತ್ಯಾಗ ಚಾಷ್ಟಿ ಆಗತೈತಿ, ಮಂದಿ ನಗತಾರ. ಟಿವಿ ಕೆಳಗ ಒಂದ ಬಟನ್ ಐತೆಲ್ಲ, ಅದರಾಗ ಹಚ್ಚಿ ಕೊಡ. ನಾ ನೋಡಿಲ್ಲಂತೀನಿ. ಖರೆ ಆವಾಜ ಹೊರಗ ಬರಬಾರದ ನೋಡ."

ಹೀಗೆ ಜಿನ್ನಪ್ಪನ ತ್ಯಾಗವನ್ನು ಕಾಯುವ ಕೆಲಸವೂ ಚಂದ್ರಮತಿಯ ಪಾಲಿಗೇ ಬಂತು. ಕುಸ್ತಿಯ ನಡುವೆ ಜಾಹೀರಾತು ಬಂದರೆ ಆವಾಜು ತಾನಾಗಿ ಏರುತ್ತಿತ್ತು. ಜೋಳದ ಚೀಲದಿಂದ ಎದ್ದು ಓಡಿ ಮೊಣಕಾಲೂರಿ ಐದು ಎಣಿಸಬೇಕು. ಇಳಿಸಿದರೆ ಆಯಿಗೆ ಕೇಳಿಸದು, "ಚಂದ್ರಾ" ಎನ್ನುವಳು. ಏರಿಸಿದರೆ ಓಣಿಗೆ ಕೇಳೀತು. ಟಿವಿ ನಡೆಯುತ್ತಿರುವಾಗಲೂ ಆಯಿಯ ಬಲ ಹೆಬ್ಬೆರಳು ಕೌದಿಯ ಅಂಚನ್ನು ಒಂದೇ ಸಮ ಒತ್ತುತ್ತಿತ್ತು. ನಾಲ್ಕನೆಯ ದಿನ ಚಂದ್ರಮತಿ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಹಾಲು ಉಕ್ಕಿಸಿದಳು. ಏಳನೆಯ ದಿನ ಉಪ್ಪೆಂದು ಸಕ್ಕರೆ ಹಾಕಿದಳು. ಅವಳಿಗೆ ಸಿಟ್ಟು ಬರುತ್ತಿತ್ತು, ಆದರೆ ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಕಸುವು ಬೇಕಲ್ಲ.

ಒಂಬತ್ತನೆಯ ದಿನ ಅವರ ಮನೆಯಲ್ಲಿ ಆಹಾರದ ತಯಾರಿ. ಮಹಾರಾಜರು ದಿನಕ್ಕೆ ಒಂದೇ ಸಲ ಅನ್ನ ನೀರು ತೆಗೆದುಕೊಳ್ಳುವವರು. ಅದಕ್ಕೂ ಬೆಳಗ್ಗೆ ಮನಸ್ಸಿನಲ್ಲೇ ಒಂದು ಗುರುತು ನೆನೆದುಕೊಂಡು ಹೊರಡುತ್ತಾರೆ. ಆ ಗುರುತು ಯಾವ ಬಾಗಿಲಲ್ಲಿ ಕಂಡಿತೋ ಅಲ್ಲಿ ನಿಲ್ಲುತ್ತಾರೆ. ಎಲ್ಲಿಯೂ ಕಾಣದಿದ್ದರೆ ಬರಿಹೊಟ್ಟೆಯಲ್ಲಿ ಬಸದಿಗೆ ತಿರುಗುತ್ತಾರೆ. ಹಿಂದಿನ ದಿನ ಹಾಗೇ ಆಗಿತ್ತು. ಓಣಿಯ ಹನ್ನೆರಡು ಮನೆಯ ಅಡಿಗೆ ಹಾಗೇ ಉಳಿದು, ಮಹಾರಾಜರ ಗಂಟಲಿಗೆ ಒಂದು ಗುಟುಕು ನೀರೂ ಇಳಿದಿರಲಿಲ್ಲ. ಊರಿಗೆ ಊರೇ ಕಳವಳದಲ್ಲಿತ್ತು.

"ಇವತ್ತ ನಮ್ಮ ಬಾಗಲದಾಗ ನಿಂದರತಾರ ನೋಡ," ಎಂದ ಜಿನ್ನಪ್ಪ. "ಅಷ್ಟ ದೊಡ್ಡ ತ್ಯಾಗ ಮಾಡೇವಿ."

ಚಂದ್ರಮತಿ ಕೋಳಿ ಕೂಗುವ ಮೊದಲೇ ಎದ್ದು ಬಾವಿಯ ನೀರು ಸೇದಿ ಸೋಸಿ ಕಾಯಿಸಿದಳು. ಮಹಾರಾಜರಿಗೆ ಗಿರಣಿಯ ಹಿಟ್ಟು ನಡೆಯದು, ಬೀಸುಕಲ್ಲಿಗೆ ಕೂತಳು. ಬೀಸುವಾಗ ನಡುನಡುವೆ ಮೂರು ಸಲ ಕರೆ ಬಂತು, ಮೂರು ಸಲ ಎದ್ದಳು. ನಾಲ್ಕನೆಯ ಸಲ ಗೂಟ ಹಿಡಿದವಳು ಬಿಡದೆ ಹಾಗೇ ಕೂತಿದ್ದಳು. ಆಗ ಅವಳ ಮನಸ್ಸಿನಲ್ಲಿ, ಯಾರೋ ಪಕ್ಕದಲ್ಲಿ ಕೂತು ಹೇಳಿದಷ್ಟು ಸ್ಪಷ್ಟವಾಗಿ, ಒಂದು ಮಾತು ಬಂತು. ಈ ಮುದುಕಿ ಇನ್ನು ಸತ್ತರೆ ಸಾಕು. ಚಂದ್ರಮತಿ ಹೆದರಿದಳು. ಮೂವತ್ತು ವರ್ಷದಲ್ಲಿ ಅವಳು ಆಯಿಯ ಬಗ್ಗೆ ಏನೇನೋ ಅಂದುಕೊಂಡಿದ್ದಳು, ಇದೊಂದನ್ನು ಅಂದುಕೊಂಡಿರಲಿಲ್ಲ.

ಆರೂವರೆಗೆ ಆಯಿಯನ್ನು ಒರೆಸಿ, ಗಂಜಿ ಕುಡಿಸಿ, ಗುಂಡಿ ಒತ್ತಿ ಟಿವಿ ಹಚ್ಚಿದಳು. ಅವತ್ತು ಬೆಳಗಿನಿಂದಲೇ ಹಿಂದಿನ ಕುಸ್ತಿಗಳನ್ನು ತಿರುಗಿ ತೋರಿಸುತ್ತಿದ್ದರು. ಆಮೇಲೆ ತಲೆಸ್ನಾನ ಮಾಡಿ ಸೋವಳೆಯ ಮಡಿಸೀರೆ ಉಟ್ಟಳು. ಅದನ್ನುಟ್ಟ ಮೇಲೆ ಮಹಾರಾಜರ ಆಹಾರ ಮುಗಿಯುವವರೆಗೆ ಬೇರೆ ಏನನ್ನೂ ಮುಟ್ಟುವಂತಿಲ್ಲ. ಆಯಿಯ ಮಂಚವನ್ನಂತೂ ಇಲ್ಲವೇ ಇಲ್ಲ.

ಒಂಬತ್ತೂವರೆಗೆ ಓಣಿಯ ತುದಿಯಲ್ಲಿ ಮಹಾರಾಜರು ಕಂಡರು. ಬಲಗೈಯ ಬೆರಳು ಕೂಡಿಸಿ ಹೆಗಲ ಮೇಲಿಟ್ಟುಕೊಂಡು ನಿಧಾನವಾಗಿ ಬರುತ್ತಿದ್ದರು. ಮುಖ ಬಾಡಿತ್ತು. ಬಾಗಿಲು ಬಾಗಿಲಲ್ಲಿ ಗಂಡ ಹೆಂಡತಿ ಕಲಶ ಹಿಡಿದು ನಮೋಸ್ತು, ನಮೋಸ್ತು ಎಂದು ಕರೆಯುತ್ತಿದ್ದರು. ಮೂರು ಮನೆ ದಾಟಿದರು, ನಾಲ್ಕು ದಾಟಿದರು. ಜಿನ್ನಪ್ಪನ ಬಾಗಿಲಿಗೆ ಬಂದು ಅವರ ಕಾಲು ನಿಂತಿತು. ಜಿನ್ನಪ್ಪನ ಕಣ್ಣು ತುಂಬಿ ಬಂತು.

ಅದೇ ಗಳಿಗೆಗೆ ಒಳಗೆ ಟಿವಿ ಆರಿತು. ಮೂರು ತಾಸು ಯಾರೂ ಮುಟ್ಟದಿದ್ದರೆ ತಾನೇ ಮಲಗುವ ಗುಣ ಅದಕ್ಕಿತ್ತು. ಆಯಿಯ ಕೈಯಲ್ಲಿ ರಿಮೋಟು ಇದ್ದಾಗ ಅದಕ್ಕೆ ಮೂರು ನಿಮಿಷವೂ ಪುರುಸೊತ್ತು ಸಿಗುತ್ತಿರಲಿಲ್ಲ; ಹಾಗಾಗಿ ಇದು ಯಾರಿಗೂ ಗೊತ್ತಿರಲಿಲ್ಲ.

"ಚಂದ್ರಾ."

ಗಂಡ ಹೆಂಡತಿ ಮಹಾರಾಜರಿಗೆ ಮೂರು ಸುತ್ತು ಬಂದರು. ಮೊದಲ ಸುತ್ತಿಗೆ ಎರಡು ಸಲ, ಎರಡನೆಯ ಸುತ್ತಿಗೆ ಐದು ಸಲ ಒಳಗಿನಿಂದ ಕರೆ ಬಂತು. ಮೂರನೆಯದಕ್ಕೆ ಚಂದ್ರಮತಿ ಎಣಿಸುವುದನ್ನು ಬಿಟ್ಟಳು. ಧ್ವನಿ ಒಡೆದು ಅಳುವಿನಂತೆ ಆಗಿತ್ತು. ಜಿನ್ನಪ್ಪ ಹೆಂಡತಿಯ ಕಡೆ ತಿರುಗದೆ, "ಅಲ್ಲಾಡಬ್ಯಾಡ" ಎಂದು ಹಲ್ಲಿನ ಸಂದಿಯಲ್ಲಿ ಹೇಳಿದ.

ಇನ್ನು ಹೇಳಬೇಕಾದ ಮಾತು ಒಂದೇ ಉಳಿದಿತ್ತು. ಅದನ್ನು ಬಡಿಸುವವರೆಲ್ಲ ತಮ್ಮ ತಮ್ಮ ಬಾಯಿಂದ ಹೇಳಬೇಕು, ಹೇಳಿದ ಮೇಲೆಯೇ ಮಹಾರಾಜರು ಹೊಸ್ತಿಲು ದಾಟುವುದು. ಜಿನ್ನಪ್ಪ ಗಂಟಲು ಸರಿಪಡಿಸಿಕೊಂಡ. "ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಐತ್ರಿ. ಒಳಗ ಬರ್ರಿ ಮಹಾರಾಜ."

ಮಹಾರಾಜರು ಚಂದ್ರಮತಿಯತ್ತ ನೋಡಿದರು.

ಆಹಾರ ಶುದ್ಧವಿತ್ತು, ನೀರು ಶುದ್ಧವಿತ್ತು. ಮೈ ಶುದ್ಧವಿತ್ತು. ಮಾತೂ ಇರಬಹುದು. ಎಲ್ಲರೂ ಹೇಳುವ ಮಾತು ಇದು, ಹೇಳಿದರೆ ಮುಗಿಯಿತು. ಎದುರಿಗೆ ನಿಂತವರು ಮೊನ್ನೆಯಿಂದ ನೀರು ಕುಡಿದಿಲ್ಲ, ಅವರ ತುಟಿ ಒಡೆದದ್ದು ಅವಳಿಗೆ ಕಾಣುತ್ತಿತ್ತು. ಇಲ್ಲಿಂದ ತಿರುಗಿದರೆ ನಾಳೆಯವರೆಗೆ ಹಾಗೇ ಇರಬೇಕಾದೀತು. ಆ ಪಾಪ ಯಾರಿಗೆ? ಚಂದ್ರಮತಿ ಬಾಯಿ ತೆರೆದಳು. ಬೀಸುಕಲ್ಲಿನ ಮುಂದೆ ಬಂದ ಮಾತು ನಾಲಿಗೆಗೆ ಅಡ್ಡ ಬಂದು ಕೂತಿತು.

"ಮನಶುದ್ಧಿ ಇಲ್ರಿ ಮಹಾರಾಜ," ಎಂದಳು.

ಬಾಗಿಲು ಬಾಗಿಲಲ್ಲಿ ನಮೋಸ್ತು ನಿಂತಿತು. ಒಳಗಿನ ಕರೆ ಈಗ ಎಲ್ಲರಿಗೂ ಕೇಳಿಸಿತು. ಮಹಾರಾಜರು ಕಣ್ಣು ತಗ್ಗಿಸಿದರು, ಮುಂದೆ ನಡೆದರು. ಮನಿಷಾಳ ಗಂಡ ಗಾಬರಿಯಲ್ಲಿ ಎರಡೆರಡು ಸಲ ನಮೋಸ್ತು ಎಂದ. ಅಲ್ಲಿ ಕಾಲು ನಿಂತಿತು. ಮೂರು ಸುತ್ತಾಯಿತು, ಶುದ್ಧಿಯ ಮಾತೂ ಆಯಿತು. ಮನಿಷಾಳ ಮನೆಯ ತಾಟುಗಳ ಸಪ್ಪಳ ಕೇಳಿದ ಮೇಲೆಯೇ ಚಂದ್ರಮತಿ ಹಿಡಿದ ಉಸಿರು ಬಿಟ್ಟಳು. ನೀರಾದರೂ ಇಳಿಯಿತು.

"ಏನ ಮಾಡಿದಿ?" ಎಂದ ಜಿನ್ನಪ್ಪ. ಕೈಯಲ್ಲಿ ಕಲಶ ಹಾಗೇ ಇತ್ತು. "ಊರ ಮುಂದ ಮಾರಿ ತಗದಿ. ಏನ ಮಾಡಿದಿ ನೀ?"

"ಆಯಿ ಕರ್ಯಾಕತ್ತಾರ," ಎಂದಳು ಚಂದ್ರಮತಿ.

"ಮತ್ತ ಹೋಗ! ಇನ್ನೇನ ಉಳದೈತಿ, ಹೋಗ."

"ನೀವ ಹೋಗ್ರಿ."

"ನಿನ್ನ ಕರ್ಯಾಕತ್ತಾಳ."

"ಅವ್ರ ಬಾಯಾಗ ಉಳದದ್ದ ಅದೊಂದ ಹೆಸರ," ಎಂದಳು. "ಯಾರ ಹೋದ್ರೂ ನಡಿತೈತಿ."

ಅವಳ ಧ್ವನಿಯಲ್ಲಿ ಜಗಳವಿರಲಿಲ್ಲ. ಅವಳು ಅಡಿಗೆಮನೆಗೆ ಹೋಗಿ, ಯಾರೂ ಮುಟ್ಟದ ಅಡಿಗೆಯ ಪಕ್ಕ, ಸೋವಳೆಯ ಸೀರೆಯಲ್ಲೇ ಬರಿ ನೆಲದ ಮೇಲೆ ಮಲಗಿದಳು. ನೆಲ ತಣ್ಣಗಿತ್ತು. ಆಯಿ ಕರೆಯುತ್ತಿದ್ದಳು. ಚಂದ್ರಮತಿಯ ಕಾಲು ತಾನಾಗಿ ಒಮ್ಮೆ ಮಡಚಿತು, ಏಳಲು. ಅದನ್ನು ಮತ್ತೆ ಚಾಚಿದಳು.

ಬಹಳ ಹೊತ್ತಾದ ಮೇಲೆ ಹೊರಬಾಗಿಲಲ್ಲಿ ಕಲಶ ಕೆಳಗಿಟ್ಟ ಸದ್ದಾಯಿತು. ಹೆಜ್ಜೆಗಳು ಒಳಕೋಣೆಗೆ ಹೋದವು. "ತಡಿ ಆಯಿ, ತಡಿ," ಎಂದ ಜಿನ್ನಪ್ಪ. ಟ್ರಂಕಿಗೆ ಮೊಣಕಾಲು ತಾಗಿತು. ಗುಂಡಿ ಸಿಗದೆ ಏನೋ ಗೊಣಗಿದ. ಆಮೇಲೆ ಹಲಗಿಯ ಬಡಿತ, ಜನರ ಕೂಗು, ಕುಸ್ತಿ ಹತ್ತಿತು. ಆವಾಜು ಸಾಲದೆ ಆಯಿ ಮತ್ತೆ "ಚಂದ್ರಾ" ಎಂದಳು. ಜಿನ್ನಪ್ಪ ಒತ್ತಿದ, ಒತ್ತಿದ್ದನ್ನೇ ಗಟ್ಟಿಯಾಗಿ ಹಿಡಿದ. ಟಿವಿ ಆರಿತು. ಮತ್ತೆ ಹಚ್ಚಿದ. ಮತ್ತೆ ಆರಿತು.

ಬಿಟ್ಟು ಬಿಟ್ಟು ಒತ್ತಬೇಕು ಎಂದು ಹೇಳಲು ಚಂದ್ರಮತಿಯ ತುಟಿ ಆಡಿತು. ಆದರೆ ಹೇಳಲಿಲ್ಲ. ಕಣ್ಣು ಮುಚ್ಚಿಕೊಂಡು ಗೋಡೆಯ ಆಚೆಯ ಸದ್ದಿಗೆ ಸರಿಯಾಗಿ ಒಂದು, ಎರಡು ಎಂದು ಎಣಿಸುತ್ತ ಹೋದಳು. ಮೂರು ಬರುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.